ತಮ್ಮನ ಕಾರಿನ ಮೆಟ್ಟಿಲು

ನನ್ನ ತಮ್ಮ ಹೊಸ ಕಾರು ತಂದು ಮನೆ ಮುಂದೆ ನಿಲ್ಲಿಸಿದ ದಿನ ಊರಿನವರೆಲ್ಲ ಬಾಯಿ ತೆರೆದುಕೊಂಡು ನೋಡಿದ್ದು ಅದರ ಮೆಟ್ಟಿಲನ್ನು. ಬಾಗಿಲು ತೆಗೆದರೆ ಸಾಕು, ಕಾರಿನ ಹೊಟ್ಟೆಯಡಿಯಿಂದ ಉದ್ದನೆಯ ಹಲಗೆಯೊಂದು ತಾನಾಗಿ ಈಚೆ ಬಂದು ತಗ್ಗಿ ನಿಲ್ಲುತ್ತಿತ್ತು. ಬಾಗಿಲು ಹಾಕಿದರೆ ಮತ್ತೆ ಒಳಗೆ ಸೇರಿಕೊಳ್ಳುತ್ತಿತ್ತು. ಆತಗೂರು ಕಡೆಯ ನಮ್ಮೂರಲ್ಲಿ ಕಬ್ಬಿನ ಲಾರಿ, ಟ್ರ್ಯಾಕ್ಟರು, ಟಿಪ್ಪರು ಎಲ್ಲ ಕಂಡವರೂ ಇಂಥದ್ದನ್ನು ಕಂಡಿರಲಿಲ್ಲ. ತಮ್ಮ ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ ತೋರಿಸುತ್ತಲೇ ಇದ್ದ. ನನ್ನ ಬಾಯಿ ಸುಮ್ಮನಿರುವುದಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಅಂದೆ.

"ನಂಗಲ್ಲ ಕಣಕ್ಕ, ಅವ್ವನ ಮಂಡಿಗೆ ಅಂತ್ಲೇ ಈ ಮೆಟ್ಲಿರೋ ಗಾಡಿ ತಗೊಂಡೆ" ಅಂದ.

ಅದು ಸುಳ್ಳಲ್ಲ. ಅವ್ವನ ಎರಡು ಮಂಡಿಯೂ ಸವೆದಿದ್ದವು. ಬಸ್ಸು ಹತ್ತುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ತಮ್ಮ ರಸ್ತೆ ಕಂಟ್ರಾಕ್ಟು ಮಾಡಿ ಕೈಯಲ್ಲಿ ನಾಲ್ಕು ಕಾಸು ಆದ ಕೂಡಲೇ ಹೆತ್ತವಳನ್ನು ಕೂರಿಸಿಕೊಂಡು ತಿರುಗಬೇಕು ಎಂದು ಆಸೆಪಟ್ಟಿದ್ದ. ಛೇಡಿಸಿದೆನಲ್ಲ ಎಂದು ನನಗೆ ಸ್ವಲ್ಪ ಪೆಚ್ಚಾಯಿತು. ಆದರೆ ಒಪ್ಪಿಕೊಳ್ಳಲಿಲ್ಲ.

ಪೂಜೆಯಾಯಿತು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು, ಬೂದುಗುಂಬಳ ಒಡೆದರು. ಅವ್ವ ಹತ್ತಬೇಕು ಎಂದು ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಆಗ ನೆಂಟರ ಪೈಕಿಯ ಹೆಂಗಸೊಬ್ಬರು ಮೆಲ್ಲಗೆ, "ಮೊದ್ಲು ಮುತ್ತೈದೇರು ಅತ್ಲಿ ಬುಡಿ, ಒಸಾ ಗಾಡಿ" ಅಂದರು. ಅಪ್ಪ ಹೋದ ಮೇಲೆ ಅವ್ವನಿಗೆ ಇಂಥ ಮಾತು ಹೊಸದಲ್ಲ. ಹಿಂದೆ ಸರಿದು ಕಂಬದ ಪಕ್ಕ ನಿಂತಳು. ತಮ್ಮನ ಹೆಂಡತಿ ಮೊದಲು ಹತ್ತಿದಳು. ಆ ಹೆಂಗಸಿಗೆ ಎರಡು ಮಾತು ಅನ್ನಬೇಕೆಂದು ನನ್ನ ನಾಲಿಗೆ ಕಡಿಯುತ್ತಿತ್ತು. ಅವ್ವ ಕಣ್ಣಲ್ಲೇ ಬೇಡ ಅಂದಳು.

ಆಮೇಲೆ ಶುರುವಾಯಿತು ಮೆಟ್ಟಿಲ ಕಾಟ. ಯಾರು ಬಾಗಿಲು ತೆಗೆದರೂ ನೆಟ್ಟಗೆ ಬರುವ ಮೆಟ್ಟಿಲು ಅವ್ವ ಹತ್ತಲು ಹೋದರೆ ಅರ್ಧ ಬಂದು ನಿಂತು, ಮತ್ತೆ ಒಳಗೆ ಓಡುತ್ತಿತ್ತು. ಒಮ್ಮೊಮ್ಮೆ ಹಾಗೆ ಒಳಗೆ ಹೋದದ್ದು ಎಷ್ಟು ಬಾಗಿಲು ಬಡಿದರೂ ಹೊರಗೆ ಬರುತ್ತಿರಲಿಲ್ಲ. ಇಂಜಿನ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಏನೂ ಆಗಿಲ್ಲದಂತೆ ಬರುತ್ತಿತ್ತು. ತಮ್ಮ ಕಾರನ್ನು ಶೋರೂಮಿಗೆ ಒಯ್ದ. ಅವರು ಕಂಪ್ಯೂಟರಿಗೆ ತಂತಿ ಸಿಕ್ಕಿಸಿ, ಏನೋ ಅಡ್ಡ ಸಿಕ್ಕಿತ್ತು ಅಂತ ತೋರಿಸ್ತಿದೆ, ಈಗ ಸರಿಯಾಗಿದೆ ಎಂದು ತೊಳೆದು ಕಳಿಸಿದರು. ಮನೆಗೆ ಬಂದು ಅವ್ವ ಹತ್ತಲು ಹೋದಳು. ಮೆಟ್ಟಿಲು ಒಳಗೆ ಓಡಿತು.

ಅಷ್ಟರಲ್ಲಿ ಮಳವಳ್ಳಿಯಲ್ಲಿ ಚಿಕ್ಕಮ್ಮ, ಅಂದರೆ ಅವ್ವನ ಒಬ್ಬಳೇ ತಂಗಿ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು. ಊಟ ಸೇರುತ್ತಿಲ್ಲ, ದಿನಾ ಅಕ್ಕ ಬತ್ತಾಳಾ ಅಂತ ಕೇಳ್ತಾರೆ ಎಂದು ಅವಳ ಸೊಸೆ ಫೋನು ಮಾಡುತ್ತಿದ್ದಳು. ಅವ್ವನ ಕೈಯ ಉಪ್ಸಾರು ಅಂದರೆ ಚಿಕ್ಕಮ್ಮನಿಗೆ ಮೊದಲಿಂದಲೂ ಜೀವ. ಹೋಗೋಣ ನಡಿ ಎಂದರೆ ಅವ್ವ ಜಪ್ಪಯ್ಯ ಅನ್ನಲಿಲ್ಲ.

"ಆ ಗಾಡಿ ಅತ್ತಾಕಿಲ್ಲ ನಾನು" ಅಂದಳು. "ಬೇಕಾದ್ರೆ ಬಸ್ಸಲ್ಲಿ ಓಯ್ತೀನಿ."

"ಬಸ್ಸಿನ ಮೆಟ್ಲು ಎಷ್ಟೆತ್ರ ಅದೆ ಗೊತ್ತಾ? ಮಂಡಿ ಬಿಚ್ಚಿ ಚೀಲದಲ್ಲಿ ಇಟ್ಕೊಂಡು ಓಯ್ತಿಯಾ?" ಎಂದು ರೇಗಿದೆ.

ಅವಳು ನನ್ನ ಮುಖ ನೋಡಲಿಲ್ಲ. "ಅದುಕ್ಕೂ ಗೊತ್ತಾಯ್ತದೆ ಕಣಮ್ಮಿ. ಎಲ್ರುಗೂ ಬತ್ತದೆ, ನಾನು ಓದ್ರೆ ಕಾಲೆಳ್ಕತದೆ. ಅವತ್ತು ಅವ್ರು ಅಂದಿದ್ದು ಸರಿಯಾಗೇ ಅದೆ. ನಾನ್ಯಾಕೆ ಒಸಾ ಗಾಡಿಗೆ ಕೇಡು ತರ್ಲಿ?"

ಇಷ್ಟು ದಿನ ಅದು ಅವಳ ಹೊಟ್ಟೆಯಲ್ಲಿ ಕೂತಿತ್ತು. ನನಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ನಾನು ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಮಾಡುವವಳು. ದಿನ ಬೆಳಗಾದರೆ ನಾನಿರುವ ಮದ್ದೂರಿನಿಂದ ಸ್ಕೂಟರಿನಲ್ಲಿ ಹೋಗಿ ಕೆಟ್ಟ ಮೋಟಾರುಗಳ ಜೊತೆ ಗುದ್ದಾಡುತ್ತೇನೆ. ನನ್ನ ಅವ್ವನನ್ನು ಒಂದು ಮೋಟಾರು ಬೇಡ ಅನ್ನುವುದೆಂದರೇನು? ಭಾನುವಾರ ಮೀಟರು, ಸ್ಪ್ಯಾನರು, ಹಳೆ ಸೀರೆಯ ಚೂರು ತೆಗೆದುಕೊಂಡು ತಮ್ಮನ ಮನೆಗೆ ಹೋದೆ.

ಗಾಲಿಗಳಿಗೆ ಕಲ್ಲು ಕೊಟ್ಟು, ಕಾರಿನಡಿ ಗೋಣಿಚೀಲ ಹಾಸಿಕೊಂಡು ಮಲಗಿದೆ. ಮೆಟ್ಟಿಲನ್ನು ಹಿಡಿದಿರುವ ತೋಳುಗಳ ಕೀಲಿನಲ್ಲಿ ಕೆಸರು, ಒಣ ಕಬ್ಬಿನ ಸೋಗೆ ಕೂತಿತ್ತು. ಸಿಕ್ಕಿದ ಕಳ್ಳ ಎಂದುಕೊಂಡು ತೆಗೆದು ಒರೆಸಿದೆ. ಫ್ಯೂಸು ನೋಡಿದೆ, ಚೆನ್ನಾಗಿತ್ತು. ಮೋಟಾರಿಗೆ ಕರೆಂಟು ಬರುತ್ತಿದೆಯೇ ಎಂದು ಮೀಟರು ಇಟ್ಟೆ, ಬರುತ್ತಿತ್ತು. ಬಾಗಿಲು ತೆರೆದಿದೆ ಎಂದು ಮೆಟ್ಟಿಲಿಗೆ ತಿಳಿಸುವ ಸ್ವಿಚ್ಚು ನೋಡಿದೆ. ತಂತಿಯನ್ನು ಇಲಿ ಕಡಿದಿದೆಯೇ ಎಂದು ಉದ್ದಕ್ಕೂ ಸವರಿದೆ. ಎಲ್ಲ ಸರಿಯಾಗಿತ್ತು. ತಮ್ಮ ಬಾಗಿಲು ತೆಗೆದ, ಬಂತು. ಅವನ ಹೆಂಡತಿ ತೆಗೆದಳು, ಬಂತು. ನಾನು ಏಳುವಾಗ ಹಣೆ ಬಡಿಸಿಕೊಂಡು ಆ ಕಾರು ಮಾಡಿದವರ ಏಳು ತಲೆಮಾರನ್ನು ಬೈದೆ.

"ನಿಂಗೆ ಮೂಗಿನ ತುದೀಲೇ ಸಿಟ್ಟು ಕಣಕ್ಕ. ಅಪ್ಪನಿಂದ ಕೆಲ್ಸ ಕಲ್ತೆ, ಸಮಾಧಾನ ಕಲೀಲಿಲ್ಲ" ಅಂದ ತಮ್ಮ.

ಅಪ್ಪ ಎಂದ ಕೂಡಲೇ ನನ್ನ ಕೈ ನಿಂತಿತು. ಅಪ್ಪ ಬ್ಲಫ್‌ನಲ್ಲಿ ಹೊಳೆಯ ನೀರಿನಿಂದ ಕರೆಂಟು ತಯಾರಾಗುವ ಮನೆಯಲ್ಲಿ ಕೆಲಸಕ್ಕಿದ್ದ. ನಾವು ಹುಟ್ಟಿ ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ. ಅಪ್ಪನ ಖಾಕಿ ಅಂಗಿಯಲ್ಲಿ ಯಾವಾಗಲೂ ಎಣ್ಣೆಯ ವಾಸನೆ. ಈಗಲೂ ಕಾರ್ಖಾನೆಯಲ್ಲಿ ಬಿಸಿಯಾದ ಮೋಟಾರಿನ ಬಳಿ ನಿಂತರೆ ಆ ವಾಸನೆ ಬರುತ್ತದೆ, ಕೆಲಸ ಮರೆತು ಸುಮ್ಮನೆ ನಿಂತುಬಿಡುತ್ತೇನೆ. ಸಾಲಿನ ಯಾರ ಮನೆಯಲ್ಲಿ ರೇಡಿಯೋ ಕೆಟ್ಟರೂ, ಮಿಕ್ಸಿ ಕೆಟ್ಟರೂ ಅಪ್ಪನ ಹತ್ತಿರ ತರುತ್ತಿದ್ದರು. ಅಪ್ಪ ತಕ್ಷಣ ಬಿಚ್ಚುತ್ತಿರಲಿಲ್ಲ. ಚಾಪೆಯ ಮೇಲೆ ಕೂತು, ಕೊನೇ ಸಲ ನೆಟ್ಟಗೆ ಓಡಿದ್ದು ಯಾವಾಗ, ಆಗ ಯಾರಿದ್ರು, ಏನ್ ಮಾಡ್ತಿದ್ರಿ ಎಂದು ಕೇಳುತ್ತಿದ್ದ. ಬಂದವರಿಗೆ ಬೇಜಾರು ಬರುವಷ್ಟು ಕೇಳುತ್ತಿದ್ದ. ಆಮೇಲೆ, "ಈಗ ನನ್ನೆದುರಿಗೆ ಅಂಗೇ ಮಾಡಿ ತೋರ್ಸಿ" ಅನ್ನುತ್ತಿದ್ದ. ನಾನು ಸ್ಕ್ರೂಡ್ರೈವರು ಹಿಡಿದು ಕುಣಿದರೆ ಕೈಯಿಂದ ಕಿತ್ತುಕೊಂಡು, ಮುಟ್ಟೋಕೆ ಮುಂಚೆ ನೋಡು ಅನ್ನುತ್ತಿದ್ದ.

ನಾನು ಎಲ್ಲವನ್ನೂ ಮುಟ್ಟಿದ್ದೆ. ಅವ್ವ ಹತ್ತುವುದನ್ನು ಮಾತ್ರ ಒಂದು ಸಲವೂ ನಿಂತು ನೋಡಿರಲಿಲ್ಲ.

ಒಳಗೆ ಹೋಗಿ ಅವ್ವನನ್ನು ಕರೆದೆ. ಬರಾಕಿಲ್ಲ ಅಂದಳು. ಮಳವಳ್ಳಿಗೆ ಬೇಡ, ಸುಮ್ಮನೆ ಹತ್ತುವ ಹಾಗೆ ಮಾಡು ಸಾಕು ಅಂದೆ. ಅದಕ್ಕೂ ಇಲ್ಲ ಅಂದಳು. ಕೊನೆಗೆ, "ಅಪ್ಪ ಇದ್ದಿದ್ರೆ ನಿನ್ನನ್ನೇ ಕರೆದು ತೋರ್ಸು ಅಂತಿದ್ದ, ನಾನು ಕರೆದ್ರೆ ಬರಾಕಿಲ್ವಾ?" ಅಂದೆ. ಅವ್ವ ಗೋಡೆ ಹಿಡಿದುಕೊಂಡು ಎದ್ದಳು.

ನಾನು ಮತ್ತೆ ಕಾರಿನ ಪಕ್ಕ ನೆಲದ ಮೇಲೆ ಮಲಗಿ ಕಾದೆ. ತಮ್ಮ ಎಂದಿನಂತೆ ಮುಂದಿನ ಸೀಟಿನಲ್ಲಿ ಕೂತು ಇಂಜಿನ್ ಸ್ಟಾರ್ಟ್ ಮಾಡಿದ. ಅವನ ಹೆಂಡತಿ ಹಿಂದಿನ ಬಾಗಿಲು ತೆಗೆದಳು. "ಬೇಗ ಅತ್ತವ್ವ" ಅಂದ ಅವನು, ಅದೂ ಎಂದಿನಂತೆಯೇ. ನನ್ನ ಕಣ್ಣೆದುರಿಗೆ ಅವ್ವನ ಎರಡು ಪಾದ ಬಂದವು. ಚಪ್ಪಲಿ ಬಿಟ್ಟಳು. ಮೆಟ್ಟಿಲು ಗುಂಯ್ ಎಂದು ಹೊರಟು ಅರ್ಧ ಬಂದಿರಬೇಕು, ಮೇಲಿನಿಂದ ಬಳೆಯಿಲ್ಲದ ಕೈಯೊಂದು ಅವಸರವಾಗಿ ಇಳಿದು ಅದರ ಮೇಲೆ ಕೂತಿತು. ಸವೆದ ಮಂಡಿಯವಳು ಬಗ್ಗಿದಾಗ ಮೈಭಾರವೆಲ್ಲ ಆ ಅಂಗೈಗೇ ಬಿತ್ತು. ಮೆಟ್ಟಿಲು ನಿಂತಿತು. ಗಕ್ಕನೆ ಹಿಂದೆ ಸರಿದು ಒಳಗೆ ಹೋಯಿತು. ಕೈ ಅಲ್ಲೇ ಗಾಳಿಯಲ್ಲಿ ಉಳಿಯಿತು.

ನಾನು ಮಲಗಿದ್ದಲ್ಲೇ ಮಲಗಿದ್ದೆ. ಆ ಕೈಯನ್ನು ನಾನು ಬ್ಲಫ್‌ನಲ್ಲಿ ನೋಡಿದ್ದೆ.

ಬ್ಲಫ್‌ನಲ್ಲಿ ಯಂತ್ರಗಳಿರುವುದು ಕಡಿದಾದ ಇಳಿಜಾರಿನ ಬುಡದಲ್ಲಿ. ಅಲ್ಲಿಗೆ ಹಳಿಯ ಮೇಲೆ ಟ್ರಾಲಿಯಲ್ಲಿ ಇಳಿಯಬೇಕು. ನಮ್ಮನ್ನು ಅಪ್ಪ ಕರೆದುಕೊಂಡು ಹೋಗುತ್ತಿದ್ದದ್ದು ಆಯುಧಪೂಜೆಗೆ ಮಾತ್ರ. ಹೊಸ ಬಟ್ಟೆ, ಕೈಯಲ್ಲಿ ಹೂವಿನ ಬುಟ್ಟಿ, ವಾಪಸು ಬರುವಾಗ ಮಡಿಲ ತುಂಬ ಕಡ್ಲೆಪುರಿ. ಎಲ್ಲರೂ ದಡದಡ ಹತ್ತಿ ಕೂತರೆ ಅವ್ವ ಚಪ್ಪಲಿ ಕೈಗೆತ್ತಿಕೊಂಡು, ಬಗ್ಗಿ, ಟ್ರಾಲಿಯ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡೇ ಕಾಲಿಡುತ್ತಿದ್ದಳು. ಎತ್ತಿನ ಗಾಡಿಗೂ ಹಾಗೆ, ಬಸ್ಸಿಗೂ ಹಾಗೆ. ನಮ್ಮನ್ನು ಹೊರುವುದನ್ನು ಕಾಲಲ್ಲಿ ತುಳಿಯುವ ಮುಂಚೆ ಕೈಯಲ್ಲಿ ಮುಟ್ಟಿ ಕೇಳಿಕೊಳ್ಳಬೇಕು ಎಂದು ಅವಳ ಅವ್ವ ಹೇಳಿಕೊಟ್ಟಿದ್ದಳಂತೆ. ಟ್ರಾಲಿಯಲ್ಲಿ ಕೂತ ಹೆಂಗಸರು ಕಿಸಕ್ಕನೆ ನಗುತ್ತಿದ್ದರು. ನನಗೆ ನಾಚಿಕೆಯಾಗಿ ಮುಖ ತಿರುಗಿಸುತ್ತಿದ್ದೆ. ಅಪ್ಪ ಮಾತ್ರ ಟ್ರಾಲಿ ಬಿಡುವವನ ಕಡೆ ಕೈ ಎತ್ತಿ, "ತಡೀಲಾ, ನಮ್ಮವಳು ಇನ್ನೂ ಕೈ ಮುಗೀಲಿಲ್ಲ" ಅನ್ನುತ್ತಿದ್ದ. ಅವಳ ಕೈ ಕಣ್ಣಿಗೆ ಮುಟ್ಟಿ, ಅವಳು ಹತ್ತಿ ಕೂರುವ ತನಕ ಅಪ್ಪನ ಕೈ ಇಳಿಯುತ್ತಿರಲಿಲ್ಲ.

ಅಪ್ಪ ಹೋದ ಮೇಲೆ ಕೈ ಎತ್ತುವವರು ಯಾರೂ ಇರಲಿಲ್ಲ. ಕಂಡಕ್ಟರು ಬೇಗ ಬೇಗ ಅನ್ನುತ್ತಿದ್ದ, ಮಗ ಬೇಗ ಅನ್ನುತ್ತಾನೆ, ಭಾನುವಾರ ಬಂದರೆ ನಾನೂ ಎಲ್ಲದಕ್ಕೂ ಬೇಗ ಅನ್ನುತ್ತೇನೆ. ಅವಳು ನಮಸ್ಕಾರ ಬಿಡಲಿಲ್ಲ, ಅದನ್ನು ಬೇಗ ಮುಗಿಸುವುದನ್ನು ಕಲಿತಳು. ಮೆಟ್ಟಿಲು ಪೂರ್ತಿ ಬರುವ ಮುಂಚೆಯೇ ಕೈ ಇಡುತ್ತಿದ್ದಳು. ಹೊರಗೆ ಬರುವಾಗ ಏನಾದರೂ ಅಡ್ಡ ಸಿಕ್ಕರೆ ಯಾರದೋ ಕೈಕಾಲು ಸಿಕ್ಕಿಕೊಂಡಿದೆ ಎಂದು ತಿಳಿದು ಹಿಂದೆ ಸರಿಯುವಂತೆ ಆ ಮೆಟ್ಟಿಲನ್ನು ಮಾಡಿದ್ದಾರೆ. ಮೇಲಿಂದ ಮೇಲೆ ಹಾಗೇ ಆದರೆ ಅದು ಸ್ವಲ್ಪ ಹೊತ್ತು ಬರುವುದನ್ನೇ ನಿಲ್ಲಿಸುತ್ತದೆ. ಶೋರೂಮಿನವರಿಗೆ ಸಿಕ್ಕಿದ ಅಡ್ಡ ನನ್ನ ಅವ್ವನ ಅಂಗೈ.

ಮೈ ಕೊಡವಿಕೊಂಡು ಎದ್ದೆ. ಅವ್ವ ಆಗಲೇ ಚಪ್ಪಲಿಗೆ ಕಾಲು ತೂರಿಸುತ್ತಿದ್ದಳು.

"ನೋಡ್ದಾ? ನಾ ಏಳ್ಲಿಲ್ವಾ?" ಅಂದಳು.

"ನೋಡ್ದೆ. ಅದು ನಿನ್ನ ಬ್ಯಾಡ ಅಂತಿಲ್ಲ ಕಣವ್ವ. ನಿನ್ನ ಕೈಗೆ ನೋವಾಯ್ತದೆ ಅಂತ ಇಂದಕ್ಕೋಯ್ತದೆ."

ನಾನು ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡಳು. ತಮ್ಮನ ಹೆಂಡತಿಗೆ ಕೈ ಒತ್ತು ಅಂದೆ. ಅವಳು ಅರ್ಧ ಬಂದ ಮೆಟ್ಟಿಲ ಮೇಲೆ ಕೈ ಊರಿದಳು, ಅದು ಒಳಗೆ ಓಡಿತು. ತಮ್ಮ ಇಳಿದು ಬಂದು ಊರಿದ, ಅವನಿಗೂ ಹಾಗೇ ಓಡಿತು. ಅವ್ವ ಬಾಯಿ ಮೇಲೆ ಸೆರಗು ಇಟ್ಟುಕೊಂಡು ನೋಡುತ್ತಿದ್ದಳು.

"ಮುತ್ತೈದೆಗೂ ಅಂಗೇ ಮಾಡ್ತು ನೋಡು" ಅಂದೆ. ಅವಳು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ತಮ್ಮ ಆ ಕಡೆ ತಿರುಗಿ ಕಾರಿನ ಗಾಜು ಒರೆಸತೊಡಗಿದ. ಗಾಜಿನಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

ಅವತ್ತೇ ಹೊರಡಬೇಕು ಅಂದಳು ಅವ್ವ. ಹೊರಡುವ ಮಾತೆತ್ತಿದ ಮೇಲೆ ಅವಳನ್ನು ಹಿಡಿಯುವುದೇ ಕಷ್ಟವಾಯಿತು. ಸೊಪ್ಪು, ಅವರೆಕಾಳು ಬೇಯಿಸಿ ಉಪ್ಸಾರು ಮಾಡಿದಳು, ಕಲ್ಲಲ್ಲಿ ಖಾರ ಅರೆದಳು, ಡಬ್ಬಿಗೆ ತುಂಬಿ ಬಟ್ಟೆಯಲ್ಲಿ ಬಿಗಿದಳು. ಕಾರಿನ ಹತ್ತಿರ ಬಂದು ಅಭ್ಯಾಸದಂತೆ ಪಕ್ಕಕ್ಕೆ ನಿಂತು ಸೊಸೆಗೆ ದಾರಿ ಬಿಟ್ಟಳು. ಸೊಸೆ ಕದಲಲಿಲ್ಲ. "ನೀವ್ ಅತ್ತಿ ಅತ್ತೆ" ಅಂದಳು.

ನಾನು ಬಾಗಿಲು ತೆಗೆದೆ. ಮೆಟ್ಟಿಲು ಹೊರಟಿತು. ಅವ್ವನ ಕೈ ಆಗಲೇ ಇಳಿಯುತ್ತಿತ್ತು, ಮುಂದಿನ ಸೀಟಿನಿಂದ ತಮ್ಮ ಬೇಗ ಅನ್ನಲು ಬಾಯಿ ತೆರೆದಿದ್ದ. ನನಗೇ ತಿಳಿಯದಂತೆ ನನ್ನ ಕೈ ಮೇಲೆದ್ದಿತು.

"ತಡೀಲಾ, ಅವ್ವ ಇನ್ನೂ ಕೈ ಮುಗೀಲಿಲ್ಲ" ಅಂದೆ.

ಮಾತು ಹೊರಬಿದ್ದ ಮೇಲೆ ಅದು ಯಾರ ಮಾತು ಎಂದು ಹೊಳೆಯಿತು. ಅವ್ವ ಕೈಯನ್ನು ಅಲ್ಲೇ ತಡೆದು ನನ್ನನ್ನು ನೋಡಿದಳು. ಮೆಟ್ಟಿಲು ಪೂರ್ತಿ ಬಂದು ನಿಂತಿತು. ಅವಳು ನಿಧಾನವಾಗಿ ಬಗ್ಗಿ ಮುಟ್ಟಿದಳು, ಕಣ್ಣಿಗೊತ್ತಿಕೊಂಡಳು, ಬಲಗಾಲಿಟ್ಟು ಎಲ್ಲರಿಗಿಂತ ಮೊದಲು ಹತ್ತಿ ಕೂತಳು. ಅಲ್ಲಿಯವರೆಗೆ ನಾನು ಕೈ ಇಳಿಸಲಿಲ್ಲ.

ಮಳವಳ್ಳಿಯಲ್ಲಿ ಚಿಕ್ಕಮ್ಮ ತಲೆದಿಂಬಿಗೆ ಒರಗಿ ಬಾಗಿಲನ್ನೇ ನೋಡುತ್ತಿದ್ದಳು. ಅವ್ವ ಅವಳ ಪಕ್ಕ ಕೂತು, ಬಿಸಿ ಮುದ್ದೆ ಮುರಿದು, ಉಪ್ಸಾರಿಗೆ ಅದ್ದಿ ತಂಗಿಯ ಬಾಯಿಗಿಟ್ಟಳು. ಚಿಕ್ಕಮ್ಮ ನುಂಗಿ, "ಆ ಮಂಡೀಲಿ ಎಂಗ್ ಅತ್ತಿ ಬಂದ್ಯಕ್ಕ?" ಎಂದು ಕೇಳಿದಳು.

"ನಿಧಾನುಕ್ಕೆ ಅತ್ತಿದೆ ಕಣವ್ವ" ಅಂದಳು ಅವ್ವ, ಇನ್ನೊಂದು ತುತ್ತು ಮುರಿಯುತ್ತ. "ಈಗ ಮಕ್ಕಳೂ ಕಾಯ್ತವೆ."