ಹಕ್ಕಿ ಮೊದಲು, ಮಾವ ಆಮೇಲೆ

ಓದುಗರು ಗಂಭೀರವಾಗಿ ಗಮನಿಸತಕ್ಕ ಸಂಗತಿಯೊಂದಿದೆ: ಈ ಮಹಿಳೆಯ ಅಂಗಿಗೆ ಗುಂಡಿಗಳಿಲ್ಲ. ಇನ್ನೂ ಮಬ್ಬು ಹರಿಯದ ಉದ್ಯಾನದಲ್ಲಿ, ಪೊದೆಗಳ ನಡುವೆ, ಕಣ್ಣಿಗೆ ಕಂಡೂ ಕಾಣದಷ್ಟು ನವಿರಾದ ಬಲೆ ಕಟ್ಟುತ್ತಿದ್ದಾರೆ. ಕೊರಳಲ್ಲಿ ಸರವಿಲ್ಲ, ಕೈಯಲ್ಲಿ ಗಡಿಯಾರವಿಲ್ಲ. “ಈ ಬಲೆಗೆ ಹಕ್ಕಿಗಿಂತ ಗುಂಡಿ ಕಂಡ್ರೇನೇ ಪ್ರಾಣ” ಎನ್ನುತ್ತಾರೆ.

ಬೆಳಿಗ್ಗೆ ಎಂಟರ ನಂತರ ಅವರು ಶಾಲಾ ವ್ಯಾನಿನ ಚಾಲಕಿ. ಅದಕ್ಕೆ ಮುಂಚೆ, ವಾರಕ್ಕೆರಡು ದಿನ, ಹಕ್ಕಿ ಹಿಡಿದು, ತೂಗಿ, ಕಾಲಿಗೆ ಅಂಕೆ ಕೆತ್ತಿದ ಹಗುರ ಬಳೆ ತೊಡಿಸಿ ಹಾರಿಬಿಡುತ್ತಾರೆ. ಅದೇ ಹಕ್ಕಿ ಮತ್ತೆಲ್ಲಾದರೂ ಸಿಕ್ಕರೆ ಅದರ ಪ್ರಯಾಣ, ಆಯಸ್ಸು ಎರಡೂ ತಿಳಿಯುತ್ತವೆ. ಹಿಂದೊಮ್ಮೆ ಸಂಶೋಧಕಿಯೊಬ್ಬರ ಸಾಮಾನು ಇಳಿಸಲು ಬಂದವರು ಇವರು. ಸಂಶೋಧಕಿ ಕೆಲಸ ಕಲಿಸಿ ಹೊರಟುಹೋದರು, ಇವರು ಉಳಿದರು. ಸಂಬಳವಿಲ್ಲ.

ಇವತ್ತು ಸಂಜೆ ಉದ್ಯಾನ ಸಮಿತಿ ಈ ಬಲೆಗಳ ಹಣೆಬರಹ ತೀರ್ಮಾನಿಸಲಿದೆ. “ಹಕ್ಕಿಗೆ ಹಿಂಸೆ” ಎಂದು ದೂರು ಕೊಟ್ಟವರು ವಾಯುವಿಹಾರಿಗಳ ಸಂಘದ ಅಧ್ಯಕ್ಷರು. ಇವರ ಸ್ವಂತ ಸೋದರಮಾವ.

ಆ ಮಾವ ಈಗ ಸ್ವೆಟರು ತೊಟ್ಟು ಬರುತ್ತಾರೆ. ಬಲೆಯಲ್ಲಿ ತೂಗುತ್ತಿರುವ ಉಲಿಯಕ್ಕಿ ಎಂಬ ಪುಟ್ಟ ಹಕ್ಕಿಯನ್ನು ಕಂಡು, ತಾವೇ ಬಿಡಿಸಲು ಕೈಹಾಕುತ್ತಾರೆ. ಸ್ವೆಟರಿನ ಮೂರೂ ಗುಂಡಿಗಳು ಬಲೆಯ ಪಾಲಾಗುತ್ತವೆ.

“ಮಾವಾ, ಅಲ್ಲಾಡ್ಬೇಡಿ! ಎಳೆದ್ರೆ ಅದರ ಕಾಲು ಮುರಿಯತ್ತೆ.”

“ನಾನೆಲ್ಲೇ ಎಳೀತಿದೀನಿ? ಇದೇ ನನ್ನ ಎಳೀತಿದೆ! ಮೊದ್ಲು ನನ್ನ ಬಿಡ್ಸು.”

“ಹಕ್ಕಿ ಮೊದ್ಲು. ನೀವು ಎಂಬತ್ತು ಕೆಜಿ ಇದೀರಿ, ತಡ್ಕೋತೀರಿ.”

ಎತ್ತಿದ ಕೈ ಎತ್ತಿದಂತೆಯೇ ಮಾವ ನಿಲ್ಲುತ್ತಾರೆ. ಪಕ್ಕದಲ್ಲೇ ಹಾದುಹೋಗುವ ಸಂಘದ ಸದಸ್ಯರೊಬ್ಬರು, “ಹೊಸ ವ್ಯಾಯಾಮವಾ, ಅಧ್ಯಕ್ಷರೇ?” ಎಂದು ಕೇಳುತ್ತಾರೆ. ಅಕ್ಕನ ಮಗಳ ಬೆರಳುಗಳು ಮೊದಲು ಹಕ್ಕಿಯ ಕಾಲು, ಆಮೇಲೆ ರೆಕ್ಕೆ, ಕೊನೆಗೆ ತಲೆ ಬಿಡಿಸುತ್ತವೆ. ಕಾಲಲ್ಲಿ ಆಗಲೇ ಬಳೆಯಿದೆ.

“ಹಳೇ ಗಿರಾಕಿ, ಮಾವ. ಮೂರು ವರ್ಷದ ಹಿಂದೆ ನಾನೇ ಹಾಕಿದ್ದು.”

ಹಕ್ಕಿಯನ್ನು ಬಟ್ಟೆಚೀಲದಲ್ಲಿಟ್ಟು ತೂಗಿ, ಕತ್ತರಿ ತೆಗೆಯುತ್ತಾರೆ. ಕತ್ತರಿಸುವುದು ಗುಂಡಿಗಳ ದಾರವನ್ನು. “ಗುಂಡಿ ಎಲ್ಲಾದ್ರೂ ಸಿಗತ್ತೆ, ಈ ಬಲೆ ಸಿಗಲ್ಲ.”

ಬಿಡುಗಡೆಯಾದ ಮಾವನ ಅಂಗೈಗೆ ಹಕ್ಕಿಯನ್ನಿಡುತ್ತಾರೆ.

“ಇಷ್ಟೇನೇನೇ ಇದು? ಕೈಯಲ್ಲಿ ಏನೂ ಇಲ್ದಂಗಿದೆ.”

“ಒಂಬತ್ತು ಗ್ರಾಂ. ಪ್ರತಿ ವರ್ಷ ಬೆಟ್ಟ ದಾಟಿ ಹೋಗಿ ಬರತ್ತೆ.”

ಹಕ್ಕಿ ಪುರ್ರೆಂದು ಪೊದೆ ಸೇರುತ್ತದೆ. ಮಾವನ ಕೈ ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿರುತ್ತದೆ.

ವ್ಯಾನಿನ ಹೊತ್ತಾಗುತ್ತಿದೆ. ಬಲೆ ಮಡಚುತ್ತ ಅವರು ನಮಗೆ ಹೇಳುತ್ತಾರೆ: “ಮಾವಂಗೆ ಭುಜ ನೋವು, ತುಂಬಾ ಹೊತ್ತು ಕೈ ಎತ್ತಿ ಹಿಡಿಯೋಕಾಗಲ್ಲ. ಆದ್ರೂ ಅಲ್ಲಾಡ್ಲಿಲ್ಲ ನೋಡಿ. ಹಕ್ಕಿ ಕಾಲು ಉಳೀತು. ದೊಡ್ಡ ಉಪಕಾರ ಅದು.”

ಸಂಜೆ ಸಮಿತಿ ಸೇರುತ್ತದೆ. ಮಾವ ದೂರನ್ನು ಹಿಂದಕ್ಕೆ ಪಡೆಯುತ್ತಾರೆ. ಬಲೆಗೆ ಇನ್ನೊಂದು ವರ್ಷದ ಅನುಮತಿ ಸಿಕ್ಕಿದೆ.