ಗರಸು ಬರುವ ತನಕ

ಸಿಂಧನೂರಿನ ಬಾಡಿಗೆ ಮನೆಗೆ ಕಾಲಿಟ್ಟ ದಿನ ಗೋಡೆಯ ಕ್ಯಾಲೆಂಡರ್ ಸರಿಸಿದರೆ, ಹಿಂದೆ ಬೆರಳು ತೂರುವಷ್ಟು ಬಿರುಕು. ಎಂಜಿನಿಯರಾದ ನಾನೇ ಗಾಬರಿಬಿದ್ದೆ. ಮನೆಯೊಡತಿ ನಕ್ಕರು.

"ಎರಿ ನೆಲ ರೀ ಅಕ್ಕಾರ. ಬ್ಯಾಸಿಗ್ಯಾಗ ಬಾಯಿ ಬಿಡತೈತಿ, ಮಳಿ ಬಿದ್ರ ಮುಚ್ಚತೈತಿ."

ಕ್ಯಾಲೆಂಡರನ್ನು ಮತ್ತೆ ಅಲ್ಲೇ ತೂಗುಹಾಕಿದೆ.

ನನ್ನಂಥ ಮಂಡ್ಯದವರು ಇಲ್ಲಿ ಮುದ್ದೆಯ ಆಸೆ ಬಿಡಬೇಕು. ನಾನು ತಟ್ಟಿದ ಮೊದಲ ಜೋಳದ ರೊಟ್ಟಿಯನ್ನು ಮನೆಯೊಡತಿಯ ಎಮ್ಮೆಯೂ ಮೂಸಿ ಬಿಟ್ಟಿತು. ಮಾತೂ ಬೇರೆ. ನಮ್ಮ ಮರಳು ಇಲ್ಲಿ ಉಸುಕು, ಜಲ್ಲಿ ಖಡಿ. ಕೆಲಸದ ಮೊದಲ ದಿನ "ಗೌಂಡಿ ಬಂದಿಲ್ರಿ" ಎಂದರು. ಯಾರೋ ಗೌಡರ ಹೆಂಡತಿ ಇರಬೇಕೆಂದುಕೊಂಡು, "ಆಯಮ್ಮ ಬರದಿದ್ರೂ ಶುರು ಮಾಡಿ" ಅಂದೆ. ಗೌಂಡಿ ಎಂದರೆ ಗಾರೆ ಮೇಸ್ತ್ರಿ. ಮೀಸೆ ಹೊತ್ತ 'ಆಯಮ್ಮ' ಬಂದು ನಿಂತಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ರಾತ್ರಿ ಒಬ್ಬಳೇ ಕೂತು ಅತ್ತೆ, ಸುಳ್ಳೇಕೆ ಹೇಳಲಿ.

ಆಮೇಲೆ ಮಸ್ಕಿ ಕಡೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಟ್ಟಿಸುವ ಕೆಲಸ ಬಂತು. ಅಲ್ಲಿನ ಮಕ್ಕಳು ಗುಡಿಯ ಕಟ್ಟೆಯ ಮೇಲೆ ಕೂತು ಅಕ್ಷರ ಕಲಿಯುತ್ತಿದ್ದವು. ಪಾಯ ಮೂರಡಿ ತೋಡುವಷ್ಟರಲ್ಲಿ ನೆಲ ಕಲ್ಲಿನಂತಾಗಿತ್ತು. ನಮ್ಮ ಕೆಂಪು ನೆಲದ ಲೆಕ್ಕದಲ್ಲಿ "ಸಾಕು" ಅಂದುಬಿಟ್ಟೆ. ಎರೆಮಣ್ಣು ಬೇಸಿಗೆಯಲ್ಲಿ ಗಟ್ಟಿಯಾಗಿ ಮಳೆಗೆ ಉಬ್ಬುತ್ತದೆಂದು ಪುಸ್ತಕದಲ್ಲಿ ಓದಿದ್ದೆ, ಕಾಲಡಿಯಲ್ಲಿದ್ದಾಗ ನೆನಪಾಗಲಿಲ್ಲ.

ಮರುದಿನ ಕಾಂಕ್ರೀಟು ಹಾಕುವ ಹೊತ್ತಿಗೆ, ಬುಟ್ಟಿ ಹೊರುವ ಯಂಕಮ್ಮ ಹತ್ತಿರ ಬಂದಳು.

"ಅಕ್ಕಾರ, ಈ ಗಟ್ಟಿತನ ಬ್ಯಾಸಿಗೀದು. ಗರಸು ಬರೂತನಕ ತೋಡಬೇಕ್ರಿ. ನನ್ನ ಮೊಮ್ಮಗಳು ಇದ್ರಾಗ ಕುಂಡ್ರಾಕಿ."

ಗರಸು ಎಂದರೆ ಎರೆಯ ಕೆಳಗೆ ಸಿಗುವ ಹರಳು ಹರಳಾದ, ಮಳೆಗೆ ಉಬ್ಬದ ಕೆಂಪು ಮಣ್ಣು. ಕ್ಯಾಲೆಂಡರಿನ ಹಿಂದಿನ ಬಿರುಕು ಕಣ್ಣಮುಂದೆ ಬಂತು. ಕೆಲಸ ನಿಲ್ಲಿಸಲು ಹೇಳಿದೆ.

ಗುತ್ತಿಗೆದಾರ ಸಿಡುಕಿದ. "ನಿನ್ನೆ ಸಾಕಂದ್ರಿ, ಇವತ್ತು ಕೂಲಿಯಾಕಿ ಮಾತು ಕೇಳಾಕತ್ತೀರೇನು?"

"ನಿನ್ನೆ ಅಂದದ್ದು ನನ್ನ ತಪ್ಪು. ಇವತ್ತು ಬೇಡ ಅಂತಿದ್ದೀನಿ."

"ವರ್ಗಾ ಮಾಡಸ್ತೀನಿ ನೋಡ್ರಿ!"

ನನಗೆ ನಗು ಬಂತು. ಬಂದ ದಿನದಿಂದ ನಾನು ಹರಕೆ ಹೊತ್ತಿದ್ದೇ ಅದಕ್ಕೆ. ಪಾಯದೊಳಗೆ ಇಳಿದು ಕೂತೆ.

"ಮಾಡಿಸಿ. ಮಂಡ್ಯಕ್ಕೇ ಮಾಡಿಸಿ, ಪುಣ್ಯ ಬರುತ್ತೆ. ಆದರೆ ಗರಸು ಬರೋ ತನಕ ಇಲ್ಲಿಂದ ಏಳಲ್ಲ. ಕಾಂಕ್ರೀಟು ಹಾಕೋದಾದ್ರೆ ನನ್ನ ಮೇಲೇ ಹಾಕಿ."

ಯಂಕಮ್ಮ ಬುಟ್ಟಿ ಬೋರಲು ಹಾಕಿ ಪಕ್ಕದಲ್ಲಿ ಕೂತಳು. ಅವಳ ಹಿಂದೆ ಉಳಿದ ಹೆಂಗಸರೂ ಇಳಿದರು. ಗೌಂಡಿ ಗಾರೆ ಮೆತ್ತುವ ಕರಣಿಯನ್ನು ಚೀಲಕ್ಕೆ ಹಾಕಿ ನೆರಳಿಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಗುತ್ತಿಗೆದಾರನೇ ಗುದ್ದಲಿ ತರಿಸಿದ. ಇನ್ನೆರಡು ಅಡಿ ಇಳಿದಾಗ ಗರಸು ಬಂತು, ನಮ್ಮ ಹೊಲದ ಮಣ್ಣಿನದೇ ಬಣ್ಣ.

ಮೊನ್ನೆ ಊರಿಗೆ ಹೋದಾಗ ನನ್ನ ತಮ್ಮ ಹೊಸ ಮನೆಗೆ ಪಾಯ ತೆಗೆಸುತ್ತಿದ್ದ. "ಗರಸು ಬಂತಾ? ಉಸುಕು ಎಲ್ಲಿ?" ಅಂದೆ. "ಇದ್ಯಾವ ಭಾಷೆ ಅಕ್ಕ?" ಎಂದು ಅವನು ನಕ್ಕ. ಸಿಂಧನೂರಿನಲ್ಲಿ ಮಾತ್ರ ನಾನಿನ್ನೂ 'ಮೈಸೂರ ಕಡೀ ಅಕ್ಕಾರ'.

ಗುತ್ತಿಗೆದಾರನ ಬೆದರಿಕೆ ಬಾಯಿಮಾತಾಗಿಯೇ ಉಳಿಯಿತು. ವರ್ಗಾವಣೆಯ ಅರ್ಜಿಯನ್ನು ನಾನೇ ಬರೆದು, ಸಹಿ ಹಾಕಿ, ಆ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದೇನೆ. ಅಂಗನವಾಡಿಯ ಗೋಡೆ ಒಂದು ಬೇಸಿಗೆ ಬಾಯಿ ಬಿಡದೆ ನಿಲ್ಲಲಿ. ಅಲ್ಲಿಯವರೆಗೆ ಅದನ್ನು ಕೊಡುವುದಿಲ್ಲ.