ಹೊಳೆಯಲ್ಲಿ ಬಿಟ್ಟ ಕೈ

ಜವರಪ್ಪ ಶಿರಂಗಾಲದವನು. ನೆಲ್ಯಹುದಿಕೇರಿ ಹತ್ತಿರದ ಕಾಫಿ ತೋಟವೊಂದರ ಆಸ್ಪತ್ರೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವ ಡ್ರೆಸ್ಸರ್. ಯುದ್ಧದ ಕಾಲದಲ್ಲಿ ಬರ್ಮಾ ಗಡಿಯ ಮಿಲಿಟರಿ ಆಸ್ಪತ್ರೆಯಲ್ಲಿದ್ದ. ಅಲ್ಲಿ ಅರಿವಳಿಕೆ ಔಷಧಿ ಮುಗಿದಾಗ ಡಾಕ್ಟರೊಬ್ಬರು ಬರೀ ಮಾತಿನಿಂದ ಸಿಪಾಯಿಗಳ ನೋವು ಅಡಗಿಸುತ್ತಿದ್ದರು.

"ಗಾಯ ಕೈಯಲ್ಲಿರುತ್ತೆ, ನೋವು ಹುಟ್ಟೋದು ಮಿದುಳಲ್ಲಿ. ಮಿದುಳನ್ನು ಬೇರೆ ಕಡೆ ತಿರುಗಿಸಿದರೆ ಕೈಯ ಕೂಗು ಅದಕ್ಕೆ ಕೇಳಿಸೋದಿಲ್ಲ" ಎಂದು ಅವರು ಹೇಳಿಕೊಟ್ಟಿದ್ದರು. ಊರಿಗೆ ಬಂದ ಮೇಲೆ ಜವರಪ್ಪ ಆ ವಿದ್ಯೆಯ ಸುದ್ದಿ ಎತ್ತಿರಲಿಲ್ಲ.

ಐವತ್ಮೂರರ ಜನವರಿಯಲ್ಲಿ, ಹಣ್ಣು ಕೊಯ್ಯುವ ಪಿಕಿಂಗ್ ಜೋರಾಗಿದ್ದಾಗ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರಕ್ಕೆ ಕೂಲಿಯಾಳು ಕೆಂಚಿಯ ಎಡಗೈ ಸಿಕ್ಕಿತು. ಎರಡು ಬೆರಳು ಜಜ್ಜಿಹೋದವು. ತೋಟದ ಡಾಕ್ಟರು ಮಡಿಕೇರಿಗೆ ಹೋಗಿದ್ದರು. ಬೆರಳು ತೆಗೆಯದೆ ರಕ್ತ ನಿಲ್ಲುವಂತಿರಲಿಲ್ಲ.

ಜವರಪ್ಪ ಅವಳ ಕಿವಿಯ ಬಳಿ ಬಗ್ಗಿದ.

"ನನ್ ಮಾತ್ ಮಾತ್ರ ಕೇಳು ಕೆಂಚಿ. ನೀನೀಗ ಕಾವೇರಿ ದಡದಲ್ಲಿದ್ದೀಯ. ಕೈ ನೀರಿಗೆ ಬಿಡು. ತಣ್ಣಗೈತೆ. ಮೊಣಕೈವರ್ಗೂ ಬಿಡು..."

ಅವಳ ಅರಚಾಟ ನರಳಾಟವಾಗಿ, ಅದೂ ನಿಂತಿತು. ಕಣ್ಣು ತೆರೆದೇ ಇತ್ತು. ಅವನು ಕತ್ತರಿಸುತ್ತಿದ್ದರೆ ಅವಳು ತನ್ನ ಮೂಳೆಯನ್ನೇ ನೋಡುತ್ತ, "ಮೀನು ಕಚ್ತಾವೆ ಅಣ್ಣ" ಎಂದು ನಕ್ಕಳು. ಆಯಾ ಶಕುಂತಲಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೋಡಿದರು.

ಮುಂದೆ ಪಟ್ಟಿ ಬದಲಿಸುವಾಗಲೂ ಕೆಂಚಿ ಮುಖ ಕಿವಿಚಲಿಲ್ಲ. ಗಟ್ಟಿಗಿತ್ತಿ ಎಂದುಕೊಂಡ ಜವರಪ್ಪ.

ಒಂಬತ್ತನೆಯ ದಿನ ಅವಳ ಗಂಡ ಮಾದ ಏದುಸಿರು ಬಿಡುತ್ತ ಬಂದ. "ಬನ್ನಿ ಡ್ರೆಸ್ಸರಣ್ಣ! ಸುಟ್ಟ ವಾಸ್ನೆ ಬಂತು ಅಂತ ನೋಡಿದ್ರೆ ಅವ್ಳ ಕೈ ಕೆಂಡದ ಮೇಲೈತೆ. ಅವ್ಳಿಗೆ ಗೊತ್ತೇ ಇಲ್ಲ!"

ಕೂಲಿಯಾಳುಗಳ ಸಾಲುಮನೆಗಳ ಲೈನಿನಲ್ಲಿ, ತನ್ನ ಮನೆಯೊಳಗೆ ಕೆಂಚಿ ಗೋಡೆಗೊರಗಿ ಕುಳಿತಿದ್ದಳು. ಪಟ್ಟಿ ಕರಕಲಾಗಿ ಅಂಗೈ ಬೊಬ್ಬೆ ಎದ್ದಿತ್ತು. ಜವರಪ್ಪ ಅವಳ ಮಣಿಕಟ್ಟು ಮುಟ್ಟಿದ. ಕೊರೆಯುವಷ್ಟು ತಣ್ಣಗಿತ್ತು.

"ಕೈ ಎಲ್ಲೈತೆ ಕೆಂಚಿ?"

"ಹೊಳೇಲೈತೆ. ನೀವು ಬಿಡು ಅಂದ್ರಿ, ತೆಗಿ ಅನ್ಲಿಲ್ಲ." ಅವಳು ದನಿ ತಗ್ಗಿಸಿದಳು. "ನೀರೊಳಗೆ ಯಾರೋ ಹಿಡ್ಕೊಂಡವ್ರೆ ಅಣ್ಣ. ನಿಧಾನಕ್ಕೆ ಎಳೀತಾವ್ರೆ."

ಜವರಪ್ಪ ಅವಳ ಮಣಿಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದ. ನೀರೊಳಗೆ ಯಾರೋ ಇದ್ದಾರೆಂಬ ಮಾತನ್ನು ಅವನು ಆಡಿಯೇ ಇರಲಿಲ್ಲ.

"ತೆಗಿಯವ್ವ. ಬಾಳ ನೋಯ್ತದೆ, ಆದ್ರೂ ತೆಗಿ."

"ಬಿಡ್ತಾ ಇಲ್ಲ ಅವ್ರು."

ಮಧ್ಯಾಹ್ನವೆಲ್ಲ ಅವನು ಕರೆಯುತ್ತಲೇ ಇದ್ದ. ಕೊನೆಗೆ ಅವಳ ಭುಜ ಯಾರೋ ಜಗ್ಗಿದಂತೆ ಅದುರಿತು. ಮರುಕ್ಷಣ ಲೈನಿಗೆ ಲೈನೇ ಹೊರಬರುವಂತೆ ಅವಳು ಚೀರಿದಳು. ಒಂಬತ್ತು ದಿನದ ನೋವು ಒಟ್ಟಿಗೆ ಬಂದಿತ್ತು.

ಕೈ ವಾಸಿಯಾಯಿತು. ಮೂರು ಬೆರಳಿನಲ್ಲೇ ಕೆಂಚಿ ಕೆಲಸಕ್ಕೆ ಮರಳಿದಳು. ಜವರಪ್ಪ ಆ ವಿದ್ಯೆಯನ್ನು ಮತ್ತೆ ಬಳಸಲಿಲ್ಲ.

ಮರುವರ್ಷ ಹೆರಿಗೆಗೆ ಅವಳೇ ಹೇಳಿಕಳಿಸಿದಳು. "ನೀವು ಬಾಯಿ ಬಿಡ್ಬ್ಯಾಡಿ ಅಣ್ಣ. ಹೊರಗೆ ಕೂತಿರಿ, ಸಾಕು." ಬೆಳಗಿನಿಂದ ಅವನು ಜಗಲಿಯ ಮೇಲೆ ಕೂತೇ ಇದ್ದ. ಅವಳ ಒಂದೊಂದು ಕೂಗಿಗೂ ಅವನಿಗೆ ಸಮಾಧಾನ. ನಡುವೆ ಒಮ್ಮೆ ಒಳಗೆ ಸದ್ದಡಗಿದಾಗ ಮಾತ್ರ ದಡಕ್ಕನೆ ಎದ್ದು ನಿಂತ. ಅಷ್ಟರಲ್ಲಿ ಮಗು ಅತ್ತಿತು.